ಅಳತೆಗೊಂದು ಬೆರಳು

“ಏ! ಕಾಲು ತೆಗೀರಿ… ಅದರ ಮ್ಯಾಲ ನಿಂತೀರಿ!”

ಹಾವೆಂದುಕೊಂಡು ಧನರಾಜ ಹಾರಿಬಿದ್ದ. ನಾರಾಯಣಪುರದ ಹಳೆಯ ಶಿವಗುಡಿಯ ಹಿಂದೆ ಅವನ ಬೂಟಿನಡಿ ನಲುಗಿದ್ದು ಒಂದು ವಿಷ್ಣುಕ್ರಾಂತಿ ಹೂವು. ನೀಲಿ ಬಣ್ಣದ್ದು, ಅಂಗಿಯ ಗುಂಡಿಯಷ್ಟೇ.

“ಇಷ್ಟಕ್ಕ ಹಿಂಗ ಚೀರೋದೇನ್ರಿ ಮೇಡಂ? ಜೀವಾನೇ ಹೋಗಿತ್ತು!”

“ನಿಮ್ಮದಲ್ಲ, ಅದರ ಜೀವ ಹೋಗ್ಯದ.”

ಚೀರಿದ ಸ್ನೇಹಲ್ ಬಸವಕಲ್ಯಾಣದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ಅವನು ಹುಮನಾಬಾದಿನ ಔಷಧ ಕಾರ್ಖಾನೆಯ ಫಿಟ್ಟರ್. ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಇನ್ನೊಂದು ಹೂವು ಹುಡುಕಿ ಮೊಬೈಲ್ ಹಿಡಿದ.

“ಫೋಟೊದಾಗ ಪಕ್ಕಕ್ಕ ಬೆರಳಿಡ್ರಿ. ಇಲ್ಲಂದ್ರ ಹೂವಿನ ಅಳತಿ ತಿಳಿಯಂಗಿಲ್ಲ.”

“ಎಷ್ಟ ಬೆರಳ್ರಿ?”

“ಒಂದ ಸಾಕು!”

ಅವನು ಬಲಗೈಯ ತೋರುಬೆರಳಿಟ್ಟ. ಉಗುರಿನ ಅಂಚಿನಲ್ಲಿ ಯಂತ್ರದ ಎಣ್ಣೆಯ ಕಪ್ಪು ಗೆರೆಯಿತ್ತು. ಫೋಟೊ ಕಳಿಸಲೆಂದು ಅವಳ ನಂಬರು ಪಡೆದ.

ಫೆಬ್ರುವರಿಯಲ್ಲಿ ಕಂಪನಿ ಅವನನ್ನು ಯಂತ್ರ ಜೋಡಿಸಲು ಆರು ತಿಂಗಳ ಮಟ್ಟಿಗೆ ತಾಷ್ಕೆಂಟಿಗೆ ಕಳಿಸಿತು. ರಜೆಯ ದಿನ ಅವನು ಊರಾಚೆಯ ಬೆಟ್ಟಗಳಿಗೆ ಹೋಗುತ್ತಿದ್ದ. ಪ್ರತಿ ಭಾನುವಾರ ಸಂಜೆ ಸ್ನೇಹಲ್‌ಗೆ ಒಂದು ಫೋಟೊ ಬರುತ್ತಿತ್ತು. ಅವನೆಂದೂ ಕಾಣದ ಕಾಡುಹೂವು, ಪಕ್ಕದಲ್ಲಿ ಆ ಬೆರಳು, ಕೆಳಗೆ ಒಂದೇ ಪ್ರಶ್ನೆ.

‘ಇದರ ಹೆಸರೇನ್ರಿ ಮೇಡಂ?’

ಅವಳು ಪುಸ್ತಕ ತಿರುವಿ ಉತ್ತರಿಸುತ್ತಿದ್ದಳು. ಕಾಡು ಟ್ಯೂಲಿಪ್. ಕೆಂಪು ಗಸಗಸೆ ಹೂವು. ಆದರೆ ಬರಬರುತ್ತಾ ಅವಳು ದೊಡ್ಡದು ಮಾಡಿ ನೋಡುತ್ತಿದ್ದುದು ಹೂವನ್ನಲ್ಲ… ಆ ಕಪ್ಪು ಗೆರೆಯ ಉಗುರನ್ನು!

ಏಪ್ರಿಲ್ ಕೊನೆಗೆ ಮೂರು ಭಾನುವಾರ ಏನೂ ಬರಲಿಲ್ಲ. ಮೇ ತಿಂಗಳಲ್ಲಿ ಒಂದು ಫೋಟೊ ಬಂತು. ಆಳೆತ್ತರದ ಬಿಳಿ ಹೂಗೊಂಚಲು. ಪಕ್ಕದಲ್ಲಿ ಹೆಣ್ಣಿನ ಕೈ. ಕೆಂಪು ಬಣ್ಣ ಹಚ್ಚಿದ ಉಗುರು.

‘ಇದರ ಹೆಸರೇನ್ರಿ ಮೇಡಂ?’

ಅದೇ ಪ್ರಶ್ನೆ, ಏನೂ ಆಗಿಲ್ಲವೆಂಬಂತೆ!

ಹೆಸರು ಅವಳಿಗೆ ಗೊತ್ತಿತ್ತು. ‘ಗೊತ್ತಿಲ್ಲ’ ಎಂದಷ್ಟೇ ಬರೆದಳು. ಆಮೇಲೆ ಇನ್ನೆರಡು ಫೋಟೊ ಬಂದವು, ಅದೇ ಕೆಂಪು ಉಗುರು. ಅವಳು ಉತ್ತರಿಸಲಿಲ್ಲ. ಅವನೂ ನಿಲ್ಲಿಸಿದ.

ಆಗಸ್ಟಿನಲ್ಲಿ, ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಬಸ್ ಬದಲಿಸಲು ಅವಳು ಇಳಿದಾಗ ಅವನು ಕಂಡ. ಸೊರಗಿದ್ದ. ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. ಬರುವ ಭಾನುವಾರ ಭಾಲ್ಕಿಯಿಂದ ಅವಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಬೇಕು, ಬೇಡ ಎಂದು ಅವಳಿನ್ನೂ ಹೇಳಿರಲಿಲ್ಲ.

“ಒಬ್ರೇ ಬಂದ್ರ್ಯಾ? ಕೆಂಪು ಉಗುರಿನಾಕಿ ಎಲ್ಲಿ?”

ಅವನಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು.

“ಆಕಿ ನಾ ಬಾಡಿಗಿ ಇದ್ದ ಮನಿ ಸೊಸೀರಿ. ಮೂರು ಮಕ್ಕಳ ತಾಯಿ. ನನಗ ‘ಅಕಾ, ಅಕಾ’ ಅಂತಿದ್ಳು.”

“ನಿಮಗ ಅಕ್ಕ ಅಂತಿದ್ಳಾ?”

“ಅವರ ಭಾಷಾದಾಗ ಅಕಾ ಅಂದ್ರ ಅಣ್ಣರೀ.”

ನಗು ಬರಬೇಕಿತ್ತು. ಬರಲಿಲ್ಲ.

“ಮತ್ತ… ನಿಮ್ಮ ಬೆರಳಿಗೇನಾಗಿತ್ತು?”

ಧನರಾಜ ನೆಲ ನೋಡಿದ. ಮೆಲ್ಲಗೆ ಕೈ ಹೊರತೆಗೆದ. ತೋರುಬೆರಳಿರಲಿಲ್ಲ. ಪಕ್ಕದ ನಡುಬೆರಳೂ ಇರಲಿಲ್ಲ.

“ಏಪ್ರಿಲ್‌ದಾಗ ಕೈಗವಸು ಮಷಿನ್‌ನ್ಯಾಗ ಸಿಕ್ತು. ಈ ಕೈ ತೋರಸಾಕ ನಾಚಿಕಿ ಆಗಿ ಆಕಿ ಬೆರಳು ಇಡಿಸ್ತಿದ್ದೆ. ಕಾರ್ಖಾನಿ ಮಂದಿಗೆಲ್ಲ ಗೊತ್ತದ. ನಿಮಗೂ ತಿಳದು… ಅದಕ್ಕ ಮಾತು ಬಿಟ್ರಿ ಅಂದ್ಕೊಂಡೆ.”

ಅಯ್ಯೋ… ಇವನು ಪರದೇಶದ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಮರೆತೇಬಿಟ್ಟನೆಂದು ನಾನು ಮುನಿದಿದ್ದೆ! ಆ ಕಪ್ಪು ಗೆರೆಯ ಉಗುರನ್ನು ಇನ್ನೆಂದೂ ನೋಡಲಾರೆ…

ಬಸವಕಲ್ಯಾಣದ ಬಸ್ ಬಂತು. ಮಂದಿ ಹತ್ತಿದರು. ಬಸ್ ಹೋಯಿತು. ಅವಳು ಅಳುತ್ತಾ ನಿಂತೇ ಇದ್ದಳು.

ಕಾಂಪೌಂಡಿನ ಬಿರುಕಿನಲ್ಲಿ ಹಳದಿ ನಡುವಿನ ಪುಟ್ಟ ಕಳೆಹೂವೊಂದು ಅರಳಿತ್ತು. ಸ್ನೇಹಲ್ ಕಣ್ಣೊರೆಸಿ, ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಮೊಬೈಲ್ ಹಿಡಿದಳು.

“ಪಕ್ಕಕ್ಕ ಕೈ ಇಡ್ರಿ. ಅಳತಿಗೆ.”

“ಬ್ಯಾಡ್ರಿ ಮೇಡಂ… ಮೂರೇ ಬೆರಳದಾವ.”

“ಅವತ್ತೇ ಹೇಳಿದ್ನಲ್ಲಾ, ಒಂದ ಸಾಕು ಅಂತ?”

ಅವನು ಕೂತ. ಉಂಗುರದ ಬೆರಳನ್ನು ಹೂವಿನ ಪಕ್ಕ ತಂದ. ಅವಳು ಫೋಟೊ ತೆಗೆದಳು. ಆ ಕೈಯನ್ನು ಮತ್ತೆ ಜೇಬಿಗೆ ಹೋಗಗೊಡದೆ ಹಿಡಿದುಕೊಂಡಳು.

“ಇದರ… ಇದರ ಹೆಸರೇನ್ರಿ ಮೇಡಂ?”

“ಭಾನುವಾರ ಮನೀಗಿ ಬಂದು ಕೇಳ್ರಿ. ನಮ್ಮ ಅಪ್ಪನ ಮುಂದ.”