ಕಮಾನಿನ ಪಾಠ

"ಈ ಪಾಠ ನಂಗೆ ಬೇಡ ಸರ್!"

ಹಾಸನದ ಶಿಕ್ಷಕರ ತರಬೇತಿ ಕೇಂದ್ರದ ಕೊಠಡಿ ಅದು. ಚೀನಾ, ಜಪಾನ್, ಕೊರಿಯಾಗಳ ಇತಿಹಾಸವನ್ನು ಮಕ್ಕಳಿಗೆ ಹೇಗೆ ಹೇಳಿಕೊಡಬೇಕೆಂದು ಕಲಿಯಲು ಬಂದಿದ್ದ ಶಿಕ್ಷಕರೆಲ್ಲ ಶೋಭಿತಾಳತ್ತ ತಿರುಗಿದರು.

ತರಬೇತಿ ಕೊಡುತ್ತಿದ್ದ ರಜನೀಶ್ ತಬ್ಬಿಬ್ಬಾದ. "ಯಾಕೆ ಮೇಡಂ?"

ಅವಳು ಕೈಯಲ್ಲಿದ್ದ ಹಾಳೆಯನ್ನು ಮೇಜಿನ ಮೇಲೆ ಕುಕ್ಕಿದಳು. ನಾಳೆಯ ಮಾದರಿ ಪಾಠಕ್ಕೆ ಅವಳಿಗೆ ಬಂದ ವಿಷಯ, ಮರುಮದುವೆಯಾಗದೆ ಉಳಿದ ವಿಧವೆಯರ ಗೌರವಕ್ಕೆ ಹಳೆಯ ಚೀನಾದಲ್ಲಿ ಕಟ್ಟಿಸುತ್ತಿದ್ದ ಕಲ್ಲಿನ ಕಮಾನುಗಳು.

ಬೇಕಂತಲೇ ಕೊಟ್ಟಿದ್ದಾನೆ... ಎಲ್ಲ ಗೊತ್ತಿದ್ದೂ!

ಗಂಡ ಕೀರ್ತಿರಾಜ್ ತೀರಿಹೋದ ಮೇಲೆ ಹಳ್ಳಿಮೈಸೂರಿನ ಮನೆಯಲ್ಲಿ ಅವಳು, ಅತ್ತೆ ಲಕ್ಷ್ಮಿದೇವಮ್ಮ ಇಬ್ಬರೇ. "ನನ್ ಸೊಸೆ ಇನ್ನೊಂದು ಮದ್ವೆ ಅಂತ ಬಾಯ್ಬಿಟ್ಟಿಲ್ಲ ಕಣ್ರವ್ವಾ" ಎಂದು ಅತ್ತೆ ಬೀದಿಯಲ್ಲೆಲ್ಲ ಹೇಳುತ್ತಿದ್ದರು. ಪ್ರೀತಿಯಿಂದಲೇ. ಅದು ಕಿವಿಗೆ ಬಿದ್ದಾಗಲೆಲ್ಲ ಶೋಭಿತಾ ಒಳಮನೆಗೆ ಸರಿದುಬಿಡುತ್ತಿದ್ದಳು.

ಚಹಾದ ಹೊತ್ತಿಗೆ ಜೊತೆಯ ಶಿಕ್ಷಕಿ ಮಾನಸಾ ರಜನೀಶನಿಗೆ ವಿಷಯ ತಿಳಿಸಿದ್ದಳು. ಅವನೇ ಹತ್ತಿರ ಬಂದ.

"ಸಾರಿ ಮೇಡಂ. ನಂಗೆ ಗೊತ್ತಿರ್ಲಿಲ್ಲ. ಕೂತಿದ್ದ ಸಾಲಿನ ಪ್ರಕಾರ ಹಂಚಿಬಿಟ್ಟೆ. ಇದನ್ನ ನಾನು ತಗೋತೀನಿ, ನೀವು ಜಪಾನಿನ ರೈಲಿನ ಪಾಠ ಮಾಡಿ."

ಅವಳ ಕೋಪ ಇಳಿಯಬೇಕಿತ್ತು. ಏರಿತು.

"ಗಂಡ ಸತ್ತವಳು ಅಂದ ತಕ್ಷಣ ಪಾಠನೂ ಕಿತ್ಕೋತೀರಾ? ನಾನೇ ಮಾಡ್ತೀನಿ!"

ಮರುದಿನದ ಮಾದರಿ ಪಾಠದಲ್ಲಿ ಉಳಿದ ಶಿಕ್ಷಕರೇ ಮಕ್ಕಳು. ಅರಕಲಗೂಡಿನ ನರೆಗೂದಲ ಪಂಚಾಕ್ಷರಯ್ಯ ಹಿಂದಿನ ಬೆಂಚಿನಿಂದ ಕೂಗಿದರು. "ಮಿಸ್, ಇವ್ನು ನನ್ ಪೆನ್ನು ಕದ್ದ!"

ನಗು ನಿಂತ ಮೇಲೆ ಅವರೇ ಕೇಳಿದರು. "ಕಮಾನು ಕಟ್ಸಿದ್ರೆ ಆಯಮ್ಮಂಗೆ ಹೆಮ್ಮೆ ಅಲ್ವಾ ಮಿಸ್?"

"ಹೆಮ್ಮೆ ಊರಿಗೆ, ಮನೆತನಕ್ಕೆ. ಕಮಾನು ಏಳೋ ಹೊತ್ತಿಗೆ ಅವಳ ಯೌವನ ಮುಗಿದಿರ್ತಿತ್ತು. ಎಷ್ಟೋ ಸಲ ಅವಳೇ ಇರ್ತಿರ್ಲಿಲ್ಲ."

ಕಿಟಕಿಯ ಪಕ್ಕ ಕುಳಿತಿದ್ದ ರಜನೀಶ್ ಕೈಯೆತ್ತಿದ. "ಮಿಸ್... ನಿಂಗೇನು ಬೇಕು ಅಂತ ಅವಳನ್ನ ಯಾರಾದ್ರೂ ಕೇಳಿದ್ರಾ?"

ಶೋಭಿತಾ ಹಲಗೆಯ ಕಡೆ ತಿರುಗಿ ನಿಂತಳು. ಎಷ್ಟೋ ಕಾಲದಿಂದ ಒಣಗಿದ್ದ ಕಣ್ಣು ತುಂಬಿಕೊಂಡಿತ್ತು.

ಆಮೇಲೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ... ಎಲ್ಲ ತರಬೇತಿಗಳಲ್ಲೂ ಆ ಪಾಠಕ್ಕೆ ಅವಳನ್ನೇ ಕರೆದರು. ಅವಳೂ ರಜನೀಶನೂ ಕೂತು ಪಾಠ ತಿದ್ದಿದರು, ಜಗಳವಾಡಿದರು. ಅವನ ಫೋನಿಗೆ ಕಾಯುತ್ತಿದ್ದೇನೆಂದು ಅರಿವಾದ ದಿನ ಅವಳು ಹೆದರಿಹೋದಳು.

ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಅವನು ಹೇಳಿಯೇಬಿಟ್ಟ. "ನೀವಂದ್ರೆ ನಂಗಿಷ್ಟ. ಬೇಡ ಅಂದ್ರೆ ಇನ್ಯಾವತ್ತೂ ಈ ಮಾತು ಎತ್ತಲ್ಲ."

"ನಾನು ಅತ್ತೆನ ಬಿಟ್ಟು ಬರಲ್ಲ."

"ಬಿಡಿ ಅಂತ ನಾನಂದ್ನಾ?"

"ನಮ್ಮನೇಲಿರೋದು ಬುದ್ಧನ ಪಟ. ನಿಮ್ಮನೇಲಿ ಲಿಂಗಪೂಜೆ. ನಿಮ್ಮೋರು ನಮ್ಮನೇಲಿ ನೀರೂ ಮುಟ್ಟಲ್ಲ!"

"ಅಮ್ಮಂಗೆ ಹೇಳಿದೀನಿ. ಮಾತು ಬಿಟ್ಟಿದಾರೆ. ಒಪ್ಪಿಸೋದು ನನ್ನ ಕೆಲಸ."

ಈಗ ಹೇಳದಿದ್ದರೆ ಎಂದೂ ಹೇಳಲಾರೆ... ಶೋಭಿತಾ ಅಲ್ಲೇ ಫೋನ್ ತೆಗೆದಳು.

"ಅತ್ತೆ... ಭಾನುವಾರ ಒಬ್ರು ಮನೆಗೆ ಬರ್ತಾರೆ. ಜೊತೆಗೆ ಕೆಲ್ಸ ಮಾಡೋ ಮೇಷ್ಟ್ರು. ನಂಗೆ... ಇಷ್ಟ ಆದವರು."

ಅವಳ ಬಸ್ ಬಂತು, ಜನ ಹತ್ತಿದರು, ಹೋಯಿತು.

"ಅತ್ತೆ?"

ಮೂಗು ಒರೆಸಿಕೊಂಡ ಸದ್ದು. "ನಾನು ಊರೋರ ಮುಂದೆ ಅಂಗಂತಿದ್ದೆ ಅಂತ ಇಷ್ಟ್ ದಿನ ಸುಮ್ಕಿದ್ಯೇನವ್ವಾ?"

ಶೋಭಿತಾ ಬಿಕ್ಕಿದಳು.

"ಅಳಬ್ಯಾಡ. ಯಾವ ಜನ?"

ಹೇಳಿದಳು.

"ಅಂಗಾರೆ ಈಗ್ಲೇ ಕೇಳು. ನಮ್ಮನೇಲಿ ಉಣ್ತಾರಾ, ಇಲ್ಲಾ ಬಾಗ್ಲಲ್ಲೇ ನಿಂತ್ಕಂಡು ಓಯ್ತಾರಾ?"

ಶೋಭಿತಾ ಅವನತ್ತ ನೋಡಿದಳು. "ಉಣ್ತೀರಾ ಅಂತಾರೆ..."

"ಕೋಳಿ ಅಭ್ಯಾಸ ಇಲ್ಲ. ಮುದ್ದೆ, ಸೊಪ್ಪಿನ ಸಾರು ಅಂದ್ರೆ ಎರಡನೇ ಸಲನೂ ಹಾಕಿಸ್ಕೋತೀನಿ."

ಅತ್ತೆಗೆ ಕೇಳಿಸಿತ್ತು. "ಮೇಷ್ಟ್ರಿಗೆ ಮುದ್ದೆ ಅಗೀದೆ ನುಂಗಕ್ಕೆ ಬತ್ತದಂತಾ?"

ಅಳುತ್ತಲೇ ಶೋಭಿತಾ ನಕ್ಕುಬಿಟ್ಟಳು, ಅತ್ತೆಯ ಪ್ರಶ್ನೆಯನ್ನು ಅವನಿಗೆ ದಾಟಿಸಿದಳು.

"ಬರಲ್ಲ ಅಂದ್ರೆ?" ರಜನೀಶ್ ಮೆಲ್ಲಗೆ ಕೇಳಿದ.

"ಕಲಿಸ್ತೀನಿ" ಎಂದಳು.