ಲೆವಾಂತೆಗೆ ತೆರೆದ ಬಾಗಿಲು

ತಾದೆಯೊ ಕೈಗಡಿಯಾರ ನೋಡಿಕೊಂಡ. ಕಾಂದೆಲಾ ಅವನನ್ನು ನೋಡಿದಳು. ಇಬ್ಬರ ನಡುವೆ ನೆಲದ ಮೇಲೆ ಒಂದು ಮುಚ್ಚಿದ ಪೆಟ್ಟಿಗೆ.

ಕಾದಿಸ್‌ನ ಕಡಲಗೋಡೆಗೆ ಅಂಟಿಕೊಂಡ ಹಳೆಯ ಸಿಡಿಮದ್ದಿನ ಮನೆ ಈಗ ಕಲಾಕೇಂದ್ರ. ಕಾಂದೆಲಾ ಹೊಣೆ ಹೊತ್ತ ಮೊದಲ ಪ್ರದರ್ಶನ ನಾಳೆ ಸಂಜೆ ಶುರು. ನಡುಗೋಡೆಗೆ ಬರಬೇಕಾದ ಚಿತ್ರ, ನಾನೂರು ವರ್ಷ ಹಳೆಯ ಮರದ ಹಲಗೆಯ ಮೇಲಿನದು, ಆ ಪೆಟ್ಟಿಗೆಯಲ್ಲಿತ್ತು. ಅದರ ಕಾವಲಿಗೆ ದೂರದ ಒಳನಾಡಿನ ಬುರ್ಗೋಸ್‌ನಿಂದ ಬಂದವನು ತಾದೆಯೊ.

ಎರಡು ವರ್ಷದ ಹಿಂದೆಯೂ ಬೇರೊಂದು ಚಿತ್ರದ ಜೊತೆ ಅವನೇ ಬಂದಿದ್ದ. ನಾಲ್ಕು ದಿನ ಅವಳೊಂದಿಗೆ ಕರಿದ ಮೀನು ತಿನ್ನುತ್ತ ದಂಡೆಯುದ್ದಕ್ಕೂ ಅಲೆದಿದ್ದ. ಪತ್ರ ಬರೆಯುತ್ತೇನೆಂದು ಹೋದವನು ಒಂದು ಸಾಲನ್ನೂ ಬರೆಯಲಿಲ್ಲ. ಈಗ ಮಹಾಶಯ ಅವಳನ್ನು ಬಹುವಚನದಲ್ಲಿ ಮಾತಾಡಿಸುತ್ತಾನೆ ಬೇರೆ!

ಆದರೆ ಸಿಟ್ಟಿಗೆ ಇವತ್ತು ಪುರುಸೊತ್ತಿರಲಿಲ್ಲ. ಗೋಡೆಯ ಮೀಟರ್ ಗಾಳಿಯ ತೇವ ಶೇಕಡಾ ಅರವತ್ತೆಂಟು ಎನ್ನುತ್ತಿತ್ತು. ಅರವತ್ತಕ್ಕಿಂತ ಹೆಚ್ಚಿದ್ದರೆ ಪೆಟ್ಟಿಗೆ ತೆರೆಯುವಂತಿಲ್ಲ. ಮಧ್ಯಾಹ್ನ ಎರಡು ಹೊಡೆಯುವುದರೊಳಗೆ ಇಳಿಯದಿದ್ದರೆ ಚಿತ್ರ ವಾಪಸ್, ಅವನೂ ವಾಪಸ್. ತೇವ ಹೀರುವ ಯಂತ್ರ ಬೆಳಿಗ್ಗೆಯೇ ಕೆಟ್ಟು ಕೂತಿತ್ತು. ಗಂಟೆ ಒಂದಾಗಿತ್ತು.

ಹೊರಗೆಲ್ಲೋ ಕಿಟಕಿಯ ಕದ ಬಡಿಯಿತು. ಕಾಂದೆಲಾ ಕಿವಿಗೊಟ್ಟಳು. ಮರುಗಳಿಗೆಯೇ ಓಡಿಹೋಗಿ ಪೂರ್ವದ ಬಾಗಿಲಿನ ಅಗುಳಿಗೆ ಕೈ ಹಾಕಿದಳು.

ತಾದೆಯೊ ಅವಳ ಮಣಿಕಟ್ಟು ಹಿಡಿದ. “ನನ್ನ ಮೇಲಿನ ಸಿಟ್ಟನ್ನ ಚಿತ್ರದ ಮೇಲೆ ತೀರಿಸ್ಕೋಬೇಡಿ. ಎದುರಿಗೇ ನೀರಿದೆ.”

ಅವಳ ಮುಖ ಕೆಂಪೇರಿತು. “ನನ್ನ ಪ್ರದರ್ಶನ ನಾನೇ ಹಾಳು ಮಾಡ್ಕೋತೀನಾ? ಒದ್ದೆ ತರೋದು ಪೊನಿಯೆಂತೆ, ಪಡುವಣ ಗಾಳಿ. ಮೂರು ದಿನ ಬೀಸಿ ಅದು ನಿಂತಿದೆ. ಇದು ಲೆವಾಂತೆ, ಕೊಲ್ಲಿ ಆಚೆ ನೆಲದ ಮೇಲಿಂದ ಬರೋ ಒಣಗಾಳಿ. ತಲೆನೋವು ಬಂತು ಅಂತ ಊರೆಲ್ಲ ಬೈಯುತ್ತೆ, ಕಂಬಳಿ ಒಗೆದು ಒಣಗಿ ಹಾಕೋದು ಮಾತ್ರ ಇಂಥ ದಿನಾನೇ.”

ನಿಯಮದ ಪ್ರಕಾರ ಹೊರಬಾಗಿಲು ತೆರೆಯುವಂತಿಲ್ಲ, ತೇವ ಏರಿದರೆ ತನ್ನ ಕೆಲಸವೇ ಹೋಗುತ್ತದೆ ಎಂದು ಅವನು ಮೆಲ್ಲಗೆ ಹೇಳಿದ. ಅವಳಿಗೂ ಅದು ಗೊತ್ತಿತ್ತು.

“ನನ್ನ ಮಾತು ನಂಬು,” ಎಂದಳು. “ಒಂದೇ ಸಲ.”

ಅವನು ಅವಳನ್ನೇ ನೋಡಿದ. ರೆಪ್ಪೆಗೆ ಸುಣ್ಣದ ಪುಡಿ ಅಂಟಿತ್ತು, ಕೆಳತುಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಳು. ಅವನು ಮಣಿಕಟ್ಟು ಬಿಟ್ಟು ಅಗುಳಿಯನ್ನು ತಾನೇ ಎಳೆದ.

ಗಾಳಿ ನುಗ್ಗಿತು. ಕಾಗದಗಳು ಹಾರಿದವು, ಅವಳ ಕೂದಲು ಅವನ ಮುಖಕ್ಕೆ ಬಡಿಯಿತು. ಮೀಟರ್ ಎಪ್ಪತ್ತಕ್ಕೆ ಏರಿತು. ಅವನು ಬಿಳಿಚಿಕೊಂಡ, ಆದರೂ ಬಾಗಿಲು ಮುಚ್ಚು ಎನ್ನಲಿಲ್ಲ. ಕಾಂದೆಲಾಗೆ ಉಸಿರಾಡಲೂ ಭಯ. ಅರವತ್ತಾರು. ಅಲ್ಲೇ ಅರ್ಧ ಗಂಟೆ ನಿಂತಿತು. ಅರವತ್ತೆರಡು. ಎರಡಕ್ಕೆ ಹತ್ತು ನಿಮಿಷವಿದ್ದಾಗ ಐವತ್ತೆಂಟು.

ಬಾಗಿಲು ಮುಚ್ಚಿ ಪೆಟ್ಟಿಗೆ ತೆರೆದರು. ಚಿತ್ರ ಗೋಡೆಗೇರಿತು. ಒಂದೊಂದು ಬಿರುಕನ್ನೂ ನೋಡಿ ಬರೆದು ಇಬ್ಬರೂ ಸಹಿ ಹಾಕಿದರು. ಅಲ್ಲಿಗೆ ಅವನ ಕೆಲಸ ಮುಗಿಯಿತು, ಐದು ಗಂಟೆಗೆ ರೈಲು. ಕಾಂದೆಲಾಗೆ ಗೆದ್ದ ಸಂತೋಷವೇ ಇರಲಿಲ್ಲ.

“ಏಳು ಪತ್ರ ಬರೆದೆ,” ಎಂದ ತಾದೆಯೊ. “ಒಂದೂ ಹಾಕ್ಲಿಲ್ಲ. ನಿಮ್ಮೂರಲ್ಲಿ ಮೀನು ಮಾರೋರಿಂದ ಹಿಡಿದು ಎಲ್ಲರೂ ಎಲ್ಲರನ್ನೂ ‘ಜೀವ’ ಅಂತಾರೆ. ಅವತ್ತು ನೀನು ನನ್ನನ್ನ ಹಾಗೆ ಕರೆದಾಗ ಹೇಗೆ ನಂಬಲಿ?”

“ಎರಡು ವರ್ಷ ನಾನು ಎಲ್ಲರಿಗೂ ಕಾದು ಕೂತಿರಲಿಲ್ಲ, ಪೆದ್ದ.”

ಅವನು ತಲೆ ತಗ್ಗಿಸಿದ. ಮೂರು ತಿಂಗಳಾದ ಮೇಲೆ ಚಿತ್ರ ಇಳಿಸಲು ಬರುತ್ತೇನೆ ಎಂದು ತೊದಲಿದ.

“ಅದಕ್ಕೆ ಬೇರೆ ಯಾರನ್ನಾದ್ರೂ ಕಳ್ಸು. ನೀನು ಭಾನುವಾರ ಬಾ.”

“ಭಾನುವಾರಕ್ಕೆ ಎರಡೇ ದಿನ. ಹೋಗಿ ಬರೋದ್ಯಾಕೆ?”

ಕಾಂದೆಲಾ ನಗಲು ಹೋಗಿ ಅತ್ತುಬಿಟ್ಟಳು.