ಮುನಿದಗುಡ್ಡದ ಹಿಂಬದಿ

"ಕ್ಷಮಾ ಕೇಳಂಗಿಲ್ರಿ ಮೇಡಂ. ನನ್ನ ಗುಡ್ಡಾ ನಾನ ಕದ್ದೀನಿ ಅಂತ ಹೆಂಗ ಹೇಳ್ಲಿ?"

ರಾಧಿಕಾ ಕುರ್ಚಿಯಲ್ಲಿ ಕೂರುವ ಮೊದಲೇ ಇದನ್ನು ಹೇಳಿ, ಮಡಚಿದ ಕಡುನೀಲಿ ಬಟ್ಟೆಯೊಂದನ್ನು ಮೇಜಿನ ಮೇಲಿಟ್ಟಳು. ಮೇಜು ಖುಶನುಮಾ ಮೇಡಂ ಅವರದು. ಕಾಲೇಜಿನಲ್ಲಿ ನನಗೆ ಭೌತಶಾಸ್ತ್ರ ಕಲಿಸಿದ ಅವರು ನಿವೃತ್ತಿಯಾದ ಮೇಲೆ ಬಾಗಲಕೋಟೆಯ ನವನಗರದಲ್ಲಿ ಪತ್ತೇದಾರಿ ಕಚೇರಿ ತೆರೆದಿದ್ದರು. ಅದೇ ಮಾಳಿಗೆಯಲ್ಲಿ ಮಣ್ಣು, ನೀರು ಪರೀಕ್ಷಿಸುವ ನನ್ನ ಪ್ರಯೋಗಾಲಯವಿತ್ತು. ಮೇಡಂ ಗೋಡೆ ಬಡಿದು "ನಿಂಗರಾಜ, ಬಾ" ಎಂದರೆ ನಾನು ಕೈ ತೊಳೆದುಕೊಂಡು ಹೋಗುತ್ತಿದ್ದೆ.

ಇಳಕಲ್ಲಿನ ರಾಧಿಕಾ ಗಣಿತದ ಪದವೀಧರೆ. ಮೇಜಿನ ಸುತ್ತ ಕುಳಿತು ಆಡುವ ಕಾಲ್ಪನಿಕ ಆಟವೊಂದನ್ನು ರಚಿಸಿದ್ದಳು. ಆಟಗಾರರು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ 'ಮುನಿದಗುಡ್ಡ' ಎಂಬ ಪರ್ವತಸಾಲನ್ನು ದಾಟಬೇಕು. ಅಲ್ಲಿ ಬೀಸುವ ಗಾಳಿ ನೆನಪನ್ನು ಒಯ್ಯುತ್ತದೆ, ಬಂಡೆಗಳು ಉಸಿರಾಡುತ್ತವೆ. ನಡುವಿನ ಸೀಳುಗಂಡಿಯಲ್ಲಿ ಗಾಳಿಯಲ್ಲೇ ತೇಲುವ ಕಲ್ಲುಗಳ ಸಾಲಿದೆ. ಕಲ್ಲು ತಪ್ಪಿದರೆ ಪಾತಾಳ.

ಅವಳು ಬಟ್ಟೆ ಹಾಸಿದಾಗ ನಾನು ಬಾಗಿ ನೋಡಿದೆ. ಇಡೀ ಪರ್ವತಸಾಲನ್ನು ಬಿಳಿ ದಾರದ ಕಸೂತಿಯಲ್ಲಿ ತೆಗೆದಿದ್ದಳು. ಎಡತುದಿಯಲ್ಲಿ ಅತಿ ಎತ್ತರದ ಕೊಡಲಿಕೋಡು, ಬಲಕ್ಕೆ ಇಳಿಯುತ್ತ ಹೋಗುವ ಶಿಖರಗಳು.

ಆಟ ರಚಿಸುವವರ ಮೇಳ ಆಗ ಬಾಗಲಕೋಟೆಯಲ್ಲಿ ನಡೆಯುತ್ತಿತ್ತು. ಬಾದಾಮಿಯ ಯುವರಾಜ ಅಲ್ಲಿ ತಂದಿದ್ದ ಕಂಪ್ಯೂಟರ್ ಆಟದಲ್ಲೂ ಇಂಥದೇ ಗುಡ್ಡಗಳು. ಅವನ ಕಡತದ ತಾರೀಖು ಹಳೆಯದೆಂದು ಮೇಳದ ಕಾರ್ಯದರ್ಶಿ ಸುನೀಲಕುಮಾರ ಕದ್ದ ಆರೋಪವನ್ನು ಇವಳ ಮೇಲೆ ಹೊರಿಸಿದ್ದರು. ಮರುದಿನ ವೇದಿಕೆಯಲ್ಲಿ ಕ್ಷಮೆ ಕೇಳಬೇಕು. ಇಲ್ಲವಾದರೆ ಅವಳ ಆಟಕ್ಕೆ ಮೇಳದ ಬಾಗಿಲು ಶಾಶ್ವತವಾಗಿ ಬಂದ್.

"ಕಂಪ್ಯೂಟರಿನ ತಾರೀಖು ತಿದ್ದೂದು ಏನ್ ದೊಡ್ಡ ಕೆಲಸಾ?" ಎಂದರು ಮೇಡಂ. "ಯಾರ ಮ್ಯಾಲ ಸಂಶಯ?"

ರಾಧಿಕಾ ಬಟ್ಟೆಯನ್ನು ಮಡಚತೊಡಗಿದಳು. "ಇರ್ಫಾನ. ಹುನಗುಂದದಾಂವ. ಮೊದಲಿಂದ ನಮ್ಮ ಜೋಡಿ ಆಡ್ದಾಂವ್ರಿ. ಜಗಳಾಡಿ ಹೋಗಿ, ಈಗ ಯುವರಾಜನ ಕಡೆ ಕೆಲಸಕ್ಕದಾನ. ಮತ್ಯಾರು ಕೊಡ್ತಾರ?"

ಮೊದಲು ನಾವು ಮೂವರೂ ಮೇಳದ ಸಭಾಂಗಣಕ್ಕೆ ಹೋದೆವು. ಬಾಗಿಲಲ್ಲೇ ಯುವರಾಜನ ಆಟದ ದೊಡ್ಡ ಭಿತ್ತಿಚಿತ್ರ; ಕೆಳಗೆ 'ಮಾರ್ಗದರ್ಶನ: ಸುನೀಲಕುಮಾರ' ಎಂದಿತ್ತು. ಅವರು ನಮ್ಮನ್ನು ನಗುನಗುತ್ತಲೇ ಕರೆದು ಕೂರಿಸಿದರು.

"ಮೇಳಕ್ಕಿಂತ ಮೊದ್ಲ ಅರ್ಜಿ ಹಾಕಿದ ಎಲ್ಲಾರ ಮನಿಗೂ ಹೋಗೀನ್ರಿ. ಇಳಕಲ್ಲಿಗೂ ಹೋಗಿದ್ದೆ. ಈಕಿ ಇರಲಿಲ್ಲ, ಇವರವ್ವ ಚಾ ಕೊಟ್ರು. ಆಟದ ಮೇಜಿನ ಮ್ಯಾಲ ಬರೇ ಗಾಜು ಇತ್ತು, ನಕಾಶಿ ಗಿಕಾಶಿ ಏನೂ ಇರಲಿಲ್ಲ. ಈ ಬಟ್ಟಿ ನಾ ನೋಡಿದ್ದು ಇಲ್ಲೇ, ಮೇಳದಾಗ."

ಮೇಡಂ ತಲೆಯಾಡಿಸಿ ಎದ್ದರು.

ಕೆರೂರಿನ ಮೇಲೆ ಹಾದು ಬಾದಾಮಿ ತಲುಪಿದಾಗ ಬಿಸಿಲು ನೆತ್ತಿಗೇರಿತ್ತು. ಯುವರಾಜ ಪರದೆಯ ಮೇಲೆ ತನ್ನ ಗುಡ್ಡಗಳನ್ನು ತೋರಿಸಿದ. ಕೊಡಲಿಯಾಕಾರದ ಶಿಖರ ಅವನಲ್ಲಿ ಬಲತುದಿಗಿತ್ತು; ಇಡೀ ಸಾಲು ಕನ್ನಡಿಯಲ್ಲಿ ಕಂಡಂತೆ ತಿರುಗಿತ್ತು. ಮೇಲಂಚಿನ ಎರಡು ಶಿಖರಗಳ ತುದಿಯನ್ನು ಮಂಜು ಮುಚ್ಚಿತ್ತು.

"ಬ್ಯಾರೆ ಎಲ್ಲೂ ಇಲ್ಲದ ಮಂಜು ಇಲ್ಲಷ್ಟ ಯಾಕಪಾ?" ಮೇಡಂ ಕೇಳಿದರು.

"ಅದು... ಚಂದ ಕಾಣ್ತದಂತ್ರಿ."

"ಇಳಕಲ್ಲಿನ ಇವರ ಮನಿ ನೋಡೀಯೇನು?"

"ಇಲ್ರಿ. ಆ ಊರಾಗ ಬಸ್ ಸ್ಟ್ಯಾಂಡ್ ಬಿಟ್ಟು ಏನೂ ನೋಡಿಲ್ಲ."

ಮೂಲೆಯಲ್ಲಿದ್ದ ಇರ್ಫಾನ ಎದ್ದು ಬಂದ. "ಏನ ರಾಧಿಕಾ, ಪತ್ತೇದಾರರ ಕರ್ಕೊಂಡ ಬಂದೀಯಲ್ಲ? ಜಗಳಾಡಿದ್ದು ಖರೆ. ಕಳ್ಳ ಅಲ್ಲ ನಾ. ತಗೋ, ನೋಡು" ಎಂದು ಮೊಬೈಲನ್ನು ಅವಳ ಮುಂದೆ ಹಿಡಿದ. ಬಟ್ಟೆಯ ಫೋಟೋಗಳು ಹತ್ತಾರಿದ್ದವು. ಎಲ್ಲದರಲ್ಲೂ ಕೊಡಲಿಕೋಡು ಎಡಕ್ಕೆ. "ಕದಿಯಾಂವ ಆಗಿದ್ರ ನೆಟ್ಟಗರ ಕದೀತಿದ್ದೆ. ಹಿಂಗ ಉಲ್ಟಾ ಪಲ್ಟಾ ಮಾಡಿ ಮರ್ಯಾದಿ ಕಳ್ಕೊತಿದ್ನೇನು?"

"ಗುರುತು ಸಿಗಬಾರದಂತ ತಿರುವೀಯೇನೋ!" ರಾಧಿಕಾ ಸಿಡುಕಿದಳು. ಮೇಡಂ ಮಾತ್ರ ಪರದೆಯ ಸೀಳುಗಂಡಿಯನ್ನೇ ನೋಡುತ್ತಿದ್ದರು. ನನಗೆ ಅಲ್ಲಿ ಗೀಟು, ಖಾಲಿ, ಗೀಟು ಬಿಟ್ಟರೆ ಏನೂ ಕಾಣಲಿಲ್ಲ.

ಸಂಜೆ ಇಳಕಲ್ಲಿನಲ್ಲಿ ರಾಧಿಕಾಳ ತಾಯಿ ಲಗಮವ್ವ ನಮ್ಮನ್ನು ಅಂಗಳದ ಕಟ್ಟೆಯ ಮೇಲೆ ಕೂರಿಸಿದರು.

"ಈ ಬಟ್ಟಿ ಯಾವಾಗ್ಲೂ ಆಟದ ಮೇಜಿನ ಗಾಜಿನ ಬುಡಕ ಇರ್ತದಂತ ರಾಧಿಕಾ ಹೇಳಿದ್ಲು. ಯಾವಾಗರ ಹೊರಗ ಬಂದಿತ್ತೇನ್ರಿ?" ಮೇಡಂ ಕೇಳಿದರು.

"ಮೇಳಕ್ಕ ಒಯ್ಯೂಕಿಂತ ಮೊದ್ಲ ಒಮ್ಮೆರಿ. ಇವರು ಆಡ್ಕೋತ ಚಾ ಚೆಲ್ಲಿದ್ರು, ಗಾಜಿನ ಬುಡಕೂ ಇಳೀತು. ಮರುದಿನ ತೊಳದು ಈ ಹಗ್ಗಕ್ಕ ಹಾಕಿದ್ದೆ. ಸಂಜಿಗೆ ಮತ್ತ ಗಾಜಿನ ಬುಡಕ ಇಟ್ಟೆ."

"ಯಾವ ಮಗ್ಗಲಾ ಮುಂದ ಮಾಡಿ?"

ಲಗಮವ್ವ ನಕ್ಕರು. "ಏನ್ ಕೇಳ್ತೀರಿ ಬಾಯೀ! ಕಸೂತಿ ಸೀದಾ ಮಗ್ಗಲಾ ಬಿಸಿಲಿಗೆ ಹಾಕ್ತಾರೇನ್ರಿ, ಬಣ್ಣಾ ಹಾರೂದಿಲ್ಲೇನು? ಸೀದಾ ಗ್ವಾಡಿ ಕಡೆ, ಉಲ್ಟಾ ಈ ಕಟ್ಟಿ ಕಡೆ. ಮ್ಯಾಲ ಎರಡು ಕ್ಲಿಪ್ ಹಚ್ಚಿದ್ದೆ."

"ಆ ದಿನ ಯಾರು ಬಂದಿದ್ರು?"

"ನೆನಪಿಲ್ರೀ. ನೇಕಾರರ ಓಣಿ, ದಿನಾ ಒಬ್ಬರಲ್ಲ ಒಬ್ಬರು ಬರ್ತಾರ."

ಮೇಡಂ ಕಟ್ಟೆಯಿಂದ ಎದ್ದು ಹಗ್ಗದ ತನಕ ನಡೆದು, ತಿರುಗಿ ನೋಡಿದರು. "ನಾಳೆ ಎಲ್ಲಾರನೂ ಕೂಡಸೂಣು ನಿಂಗರಾಜ. ಯಾರು ಅಂತ ಗೊತ್ತಾತು."

ಮರುದಿನ ವೇದಿಕೆಯ ಹಿಂದಿನ ಕೋಣೆಯಲ್ಲಿ ಎಲ್ಲರೂ ಸೇರಿದರು. ಹೊರಗೆ ಜನ ಕಾದಿದ್ದರು. ಸುನೀಲಕುಮಾರ ಅವಸರಪಟ್ಟರು: "ಒಂದು ಮಾತು ಕ್ಷಮಾ ಕೇಳಿದ್ರ ಮುಗೀತಿತ್ತಲ್ಲವಾ?"

"ನನಗ ಮುಗೀತಿದ್ದಿಲ್ರಿ" ಎಂದಳು ರಾಧಿಕಾ.

ಮೇಡಂ ಬಟ್ಟೆಯನ್ನು ತಿರುವಿ, ಹಿಂಬದಿ ಮೇಲಾಗಿ ಹಾಸಿದರು. ಕೊಡಲಿಕೋಡು ಬಲಕ್ಕೆ ಬಂತು.

"ಶಿಖರಗಳದು ಗವಂತಿ ಹೊಲಿಗಿ. ಅದು ಎರಡೂ ಕಡೆ ಒಂದೇ ಸಮ ಕಾಣ್ತದ. ಗಂಟು ಸುದ್ದಾ ಇರಂಗಿಲ್ಲ. ಹಿಂದಿಂದ ನೋಡಿದ್ರ ಎಡ ಬಲ ಬದಲಿ, ಅಷ್ಟ. ಇಷ್ಟ ಆಗಿದ್ರ ಕಂಪ್ಯೂಟರಿನಾಗೂ ತಿರುವಬಹುದು. ಆದ್ರ ಸೀಳುಗಂಡಿಯ ಕಲ್ಲುಗಳ ಸಾಲು ನೇಗಿ ಹೊಲಿಗಿ. ಸೂಜಿ ಮ್ಯಾಲ ಹೋದಲ್ಲಿ ದಾರ ಮ್ಯಾಲ, ಕೆಳಗ ಹೋದಲ್ಲಿ ದಾರ ಕೆಳಗ. ಮುಂದ ದಾರ ಕಂಡಲ್ಲಿ ಹಿಂದ ಖಾಲಿ, ಮುಂದ ಖಾಲಿ ಇದ್ದಲ್ಲಿ ಹಿಂದ ದಾರ. ಯುವರಾಜ, ನಿನ್ನ ಕಲ್ಲು ಎಲ್ಲದಾವ ತೋರ್ಸು."

ಯುವರಾಜ ಪರದೆ ತೆರೆದ. ನಾನು ಬಟ್ಟೆಯನ್ನು ಅದರ ಪಕ್ಕ ಹಿಡಿದೆ. ಹಿಂಬದಿಯ ಒಂದೊಂದು ದಾರವೂ ಅವನ ಒಂದೊಂದು ಕಲ್ಲಾಗಿತ್ತು. ರಾಧಿಕಾಳ ಆಟದಲ್ಲಿ ಕಾಲಿಟ್ಟರೆ ಸಾಯುವ ಕಡೆಯಲ್ಲೆಲ್ಲ ಅವನ ವೀರರು ಆರಾಮಾಗಿ ನಡೆದಿದ್ದರು.

"ಬರೇ ಚಿತ್ರಾ ತಿರುವಿದ್ರ ಕಲ್ಲು ಇದ್ದಲ್ಲಿ ಕಲ್ಲು ಉಳೀತಿತ್ತು. ಇಲ್ಲಿ ಕಲ್ಲು ಖಾಲಿ ಆಗೇತಿ, ಖಾಲಿ ಕಲ್ಲಾಗೇತಿ. ಈ ಬಟ್ಟಿ ಹಿಂದಿನ ಮಗ್ಗಲಾ ಬಿಟ್ಟು ಬ್ಯಾರೆ ಎಲ್ಲೂ ಇದು ಸಿಗಂಗಿಲ್ಲ. ಅಂದಮ್ಯಾಲ ಮೊದಲು ಹುಟ್ಟಿದ್ದು ಬಟ್ಟಿ. ಇನ್ನ ಇರ್ಫಾನನ ಕಡೆ ಇರೂ ಫೋಟೋ ಎಲ್ಲಾ ಮುಂದಿನ ಮಗ್ಗಲದ್ದು. ಮೇಜಿನ ಸುತ್ತ ಕೂತು ಆಡ್ದಾಂವಗ ಕಲ್ಲು ಯಾವುದು, ಪಾತಾಳ ಯಾವುದು ಗೊತ್ತಿರ್ತದ. ಕದ್ದಾಂವ ಈ ಆಟಾ ಆಡಿಲ್ಲ."

"ಆ ಮಂಜು?" ನಾನು ಕೇಳಿದೆ.

"ಲಗಮವ್ವನ ಕ್ಲಿಪ್ ಹಿಡಿದ ಜಾಗಾ. ಅದರ ಬುಡಕ ಏನಿತ್ತು ಅಂತ ಫೋಟೋದಾಗ ಕಾಣಲಿಲ್ಲ, ಮಂಜು ಹಾಕಿ ಮುಚ್ಚಿದ್ರು. ಅಂದ್ರ ಫೋಟೋ ತಗದದ್ದು ಬಟ್ಟಿ ಒಣಗಿದ ದಿನ, ಅಂಗಳದ ಕಟ್ಟಿ ಕಡೆಯಿಂದ." ಮೇಡಂ ಸುನೀಲಕುಮಾರರತ್ತ ತಿರುಗಿದರು. "ಮೇಜಿನ ಮ್ಯಾಲ ಬರೇ ಗಾಜು ಇತ್ತು ಅಂತ ನೀವ ಹೇಳಿದ್ರಿ. ಆ ಗಾಜಿನ ಬುಡಕ ಬಟ್ಟಿ ಇರದಿದ್ದುದು ಅದೊಂದ ದಿನ. ನೀವು ಚಾ ಕುಡದ ಕಟ್ಟಿ ಮುಂದ ತೂಗತಿದ್ದದ್ದು ಏನ್ರಿ ಮತ್ತ?"

ಸುನೀಲಕುಮಾರ ಬಾಯಿ ತೆರೆಯುವ ಮೊದಲೇ ಯುವರಾಜ ಎದ್ದು ನಿಂತ. "ಸರ್! ನಿಮ್ಮದ ಹಳೇ ಚಿತ್ರ ಅಂತ ಹೇಳಿ ಕೊಟ್ಟಿದ್ರಲ್ಲ? ತಾರೀಖು ಹಿಂದಕ್ಕ ಹಾಕು, ಏನಾಗಂಗಿಲ್ಲ ಅಂತ ಹೇಳಿದಾವ್ರೂ ನೀವ!"

"ನೀ ಹಾಕೀಯಲ್ಲ ಮತ್ತ?" ಎಂದರು ಮೇಡಂ. ಅವನು ಕುಳಿತುಕೊಂಡ.

ಸುನೀಲಕುಮಾರ ಬೆವರೊರೆಸಿಕೊಂಡರು. "ಮೇಳ ಇನ್ನೂ ಸಣ್ಣದೈತ್ರಿ. ಒಂದು ದೊಡ್ಡ ಆಟಾ ಹೊರಗ ಬಂದ್ರ ಎಲ್ಲಾರಿಗೂ ಹೆಸರಂತ... ಹೋಗ್ಲಿ ರಾಧಿಕಾ, ಇಬ್ಬರ ಹೆಸರೂ ಹಾಕೂಣು. ಮೇಳದ ಮಾನ ಉಳೀತದ."

"ಮೇಳದ ಮಾನಾ ಹೊರಾಕ ನನ್ನ ಗುಡ್ಡಾನ ಬೇಕಾತೇನ್ರಿ? ನನ್ನ ಕಳ್ಳಿ ಅಂದ್ರಲ್ಲ, ಅದೇ ಮೈಕಿನಾಗ ಯಾರು ಕಳ್ಳರು ಅಂತ ಹೇಳ್ರಿ. ಹೇಳೂತನಕ ನಾ ಈ ಬಾಗಲಾ ಬಿಟ್ಟು ಕದಲಂಗಿಲ್ಲ."

ಅವಳು ನಿಜವಾಗಿಯೂ ಬಾಗಿಲಿಗೆ ಅಡ್ಡ ನಿಂತಳು. ಹೊರಗಿನ ಜನ ಚಪ್ಪಾಳೆ ತಟ್ಟಿ ಕರೆಯತೊಡಗಿದರು. ಕೊನೆಗೆ ಸುನೀಲಕುಮಾರ ಅವಳ ಪಕ್ಕದಿಂದ ತೂರಿ ವೇದಿಕೆಗೆ ಹೋದರು. ಅವರ ಧ್ವನಿ ಕೋಣೆಯವರೆಗೂ ಕೇಳಿತು; ತಡವರಿಸುತ್ತಿತ್ತು, ಆದರೆ ಏನನ್ನೂ ಬಿಡಲಿಲ್ಲ.

ರಾಧಿಕಾ ಅದು ಮುಗಿಯುವತನಕ ಅಲ್ಲಾಡದೆ ಕೇಳಿದಳು. ಆಮೇಲೆ ಕೋಣೆಯ ಆ ತುದಿಗೆ ನಡೆದು ಇರ್ಫಾನನ ಮುಂದೆ ನಿಂತಳು.

"ನಿನ್ನ ಮ್ಯಾಲ ಸಂಶಯಪಟ್ಟೆ. ತಪ್ಪಾತು. ಕ್ಷಮಾ ಮಾಡು."

ಇರ್ಫಾನ ಮೊಬೈಲನ್ನು ಕಿಸೆಗೆ ಹಾಕಿಕೊಂಡ. "ಇಲ್ಲಿ ಬ್ಯಾಡ ಲೇ. ನಿನ್ನ ಗುಡ್ಡದಾಗ ಒಮ್ಮೆ ನನ್ನ ಜೀವಂತ ದಾಟಸು, ಆಗ ವಿಚಾರ ಮಾಡ್ತೇನಿ."

"ದಾಟಸಂಗಿಲ್ಲ" ಎಂದಳು ರಾಧಿಕಾ. "ಧೈರ್ಯಿದ್ರ ನೀನ ದಾಟು."